ಹೆದೆ ಇಲ್ಲದ ಬಿಲ್ಲು

ಅಕ್ಟೋಬರ್ ತಿಂಗಳ ಬೆಳಗಿನ ಜಾವ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಂದು ಓಕ್ ಕಾಡಿನಂಚು. ನೆಲದಿಂದ ಹದಿನೈದು ಇಪ್ಪತ್ತು ಅಡಿ ಮೇಲೆ, ಮರದ ಕಾಂಡಕ್ಕೆ ಬಿಗಿದ ಪುಟ್ಟ ಅಟ್ಟಣೆಯಲ್ಲಿ ಬೇಟೆಗಾರನೊಬ್ಬ ಕೂತಿದ್ದಾನೆ. ಕತ್ತಲಿರುವಾಗಲೇ ಹತ್ತಿ ಕೂತವನು. ಬೆರಳುಗಳು ಚಳಿಗೆ ಮರಗಟ್ಟಿವೆ. ಒಣಗಿದ ಎಲೆಗಳ ಮೇಲೆ ಅಳಿಲು ಓಡಿದರೂ ಎದೆ ಝಲ್ಲೆನ್ನುವಷ್ಟು ನಿಶ್ಶಬ್ದ. ಸ್ವಲ್ಪ ಹೊತ್ತಿಗೆ ಬೇರೆ ತರದ ಹೆಜ್ಜೆ ಸಪ್ಪಳ. ಒಂದು ಗಂಡು ಜಿಂಕೆ, ಕೋಡು ತಗ್ಗಿಸಿ, ನೆಲದ ಓಕ್ ಕಾಯಿ ಹೆಕ್ಕುತ್ತ ಬರುತ್ತಿದೆ. ಇಪ್ಪತ್ತು ಮೀಟರ್ ದೂರ.

ಬಾಣ ಮುಟ್ಟುವಷ್ಟು ಹತ್ತಿರವೇ. ಆದರೆ ನಿಜವಾದ ಕಷ್ಟ ಶುರುವಾಗುವುದೇ ಈಗ. ಅವನು ಬಿಲ್ಲು ಎತ್ತಬೇಕು. 25–30 ಕಿಲೋ ಭಾರ ಎಳೆಯುವಷ್ಟು ಬಲ ಹಾಕಿ ಹೆದೆಯನ್ನು ಕೆನ್ನೆಯವರೆಗೆ ಸೆಳೆಯಬೇಕು. ಅಷ್ಟೂ ಚಲನೆ ಜಿಂಕೆಯ ಕಣ್ಣಿಗೆ ಬೀಳಬಾರದು. ಅದರ ತಲೆ ಒಂದು ಮರದ ಹಿಂದೆ ಮರೆಯಾಗುವ ಕ್ಷಣಕ್ಕಾಗಿ ಕಾಯುತ್ತಾನೆ. ಮರೆಯಾಯಿತು, ಸೆಳೆದ. ಜಿಂಕೆ ಮರದಾಚೆ ನಿಂತೇಬಿಟ್ಟಿತು. ಮುಂದೆ ಬರುತ್ತಿಲ್ಲ. ಹೆದೆ ಹಿಡಿದ ತೋಳು ಸೋಲುತ್ತಿದೆ, ಭುಜ ನಡುಗುತ್ತಿದೆ. ಬಿಡುವಂತಿಲ್ಲ, ಇಳಿಸುವಂತಿಲ್ಲ.

ಇನ್ನು ಅದೇ ಮರ, ಅದೇ ಅಟ್ಟಣೆ, ಅದೇ ಜಿಂಕೆ. ಬೇಟೆಗಾರನ ಕೈಯಲ್ಲಿರುವುದು ಮಾತ್ರ ಬೇರೆ. ಬಂದೂಕಿನಂತೆ ಹಿಡಿ, ಬಂದೂಕಿನಂತೆ ದುರ್ಬೀನು, ಬಂದೂಕಿನಂತೆ ಕುದುರೆ. ಅಟ್ಟಣೆಯ ಕಂಬಿಯ ಮೇಲೆ ಅದನ್ನು ಊರಿ, ಗುರಿಯಿಟ್ಟು ಆರಾಮವಾಗಿ ಕಾಯುತ್ತಾನೆ. ಜಿಂಕೆ ಎಷ್ಟು ಹೊತ್ತು ನಿಂತರೂ ತೋಳು ನೋಯುವುದಿಲ್ಲ. ಅದು ಹೊರಗೆ ಬಂದಾಗ ತೋರುಬೆರಳು ಒಂದು ಸೆಂಟಿಮೀಟರ್ ಅಲುಗಿದರೆ ಸಾಕು. ಹೊರಡುವುದು ಗುಂಡಲ್ಲ, ಬಾಣ. ಗರಿಯಿರುವ, ಅಲಗಿರುವ, ಅಸಲಿ ಬಾಣ.

ಹಾಗಾದರೆ ಇದು ಬಿಲ್ಲುಬೇಟೆಯೋ, ಬಂದೂಕಿನ ಬೇಟೆಯೋ? ಬಿಲ್ಲಿಗೆಂದೇ ಮೀಸಲಾದ ಹಂಗಾಮಿನಲ್ಲಿ ಈ ಬಾಣದ ಬಂದೂಕಿಗೆ ಜಾಗ ಕೊಡಬೇಕೇ? ಸುಮಾರು ಒಂದು ದಶಕದಿಂದ ಅಮೆರಿಕದ ರಾಜ್ಯಗಳ ವನ್ಯಜೀವಿ ಇಲಾಖೆಗಳನ್ನೂ ಬೇಟೆಗಾರರನ್ನೂ ಕಾಡುತ್ತಿರುವ ಪ್ರಶ್ನೆ ಇದು. ಸಾಧನ ಬದಲಾದಾಗ ಒಂದು ವಿದ್ಯೆಯ ಗಡಿ ಎಲ್ಲಿ ನಿಲ್ಲಬೇಕು ಎಂಬ ದೊಡ್ಡ ಪ್ರಶ್ನೆಯೂ ಇದರೊಳಗೇ ಇದೆ.

ಗಾಳಿಯ ಬಲ, ಬಾಣದ ವೇಷ

2016ರಲ್ಲಿ ಅಮೆರಿಕದ ಕ್ರಾಸ್‌ಮನ್ ಕಂಪನಿ ‘ಬೆಂಜಮಿನ್ ಪಯೊನಿಯರ್ ಏರ್‌ಬೋ’ ಎಂಬ ಸಾಧನವನ್ನು ಮಾರುಕಟ್ಟೆಗೆ ತಂದಿತು. ಹೆಸರಿನಲ್ಲಿ ‘ಬೋ’ ಇದೆ. ಆದರೆ ಬಿಲ್ಲಿನ ಕಂಬಿಯೂ ಇಲ್ಲ, ಹೆದೆಯೂ ಇಲ್ಲ. ಇರುವುದು ಒಂದು ಗಾಳಿಯ ಸಿಲಿಂಡರ್. ಅದರಲ್ಲಿ ಚದರ ಇಂಚಿಗೆ 3,000 ಪೌಂಡ್ ಒತ್ತಡದಲ್ಲಿ ಗಾಳಿ ತುಂಬುತ್ತಾರೆ. ನಮ್ಮ ಕಾರಿನ ಟೈರಿಗೆ ಹಾಕಿಸುವುದು 30ರಿಂದ 35. ಒಮ್ಮೆ ತುಂಬಿಸಿದರೆ ಸುಮಾರು ಎಂಟು ಬಾಣ ಬಿಡಬಹುದು.

ಬಾಣ ಕೂರುವ ರೀತಿ ವಿಚಿತ್ರವಾಗಿದೆ. ಬಂದೂಕಿನಲ್ಲಿ ಗುಂಡು ನಳಿಗೆಯ ಒಳಗಿರುತ್ತದೆ. ಇಲ್ಲಿ ನಳಿಗೆಯೇ ಬಾಣದ ಒಳಗಿರುತ್ತದೆ. ಹಿಂಬದಿ ಟೊಳ್ಳಾಗಿರುವ ಬಾಣವನ್ನು ಸಪೂರ ಕೊಳವೆಯೊಂದರ ಮೇಲೆ, ಪೆನ್ನಿಗೆ ಮುಚ್ಚಳ ಹಾಕಿದಂತೆ, ಸರಕ್ಕನೆ ತೂರಿಸುತ್ತಾರೆ. ಕುದುರೆ ಎಳೆದಾಗ ಗಾಳಿ ಕೊಳವೆಯ ತುದಿಯಿಂದ ನುಗ್ಗಿ ಬಾಣದ ಮೂತಿಯನ್ನು ಒಳಗಿನಿಂದ ಒದೆಯುತ್ತದೆ. 24 ಗ್ರಾಂ ತೂಕದ ಬಾಣ ಸೆಕೆಂಡಿಗೆ 450 ಅಡಿ, ಅಂದರೆ ಸುಮಾರು 137 ಮೀಟರ್ ವೇಗದಲ್ಲಿ ಹೊರಡುತ್ತದೆ.

ಈ ವೇಗ ಬೇಟೆಯಲ್ಲಿ ಏನು ಮಾಡುತ್ತದೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ. ಇಂದಿನ ಒಳ್ಳೆಯ ಕಾಂಪೌಂಡ್ ಬಿಲ್ಲಿನ (ತುದಿಗಳಲ್ಲಿ ಗಾಲಿಗಳಿರುವ ಬಿಲ್ಲು) ಬಾಣ ಸೆಕೆಂಡಿಗೆ ಸುಮಾರು 90 ಮೀಟರ್ ಹೋಗುತ್ತದೆ. 27 ಮೀಟರ್ ಆಚೆ ನಿಂತ ಜಿಂಕೆಯನ್ನು ತಲುಪಲು ಅದಕ್ಕೆ 0.30 ಸೆಕೆಂಡ್ ಬೇಕು. ಹೆದೆ ಮಿಡಿದ ಸದ್ದು 0.08 ಸೆಕೆಂಡಿನಲ್ಲೇ ಜಿಂಕೆಯ ಕಿವಿ ಮುಟ್ಟುತ್ತದೆ. ಮಿಕ್ಕ 0.22 ಸೆಕೆಂಡು ಜಿಂಕೆಯದು. ಬೆಚ್ಚಿದ ಜಿಂಕೆ ನೆಗೆಯಲು ಕಾಲು ಮಡಿಸಿ ಮೈ ತಗ್ಗಿಸುತ್ತದೆ. ಎಷ್ಟೋ ಸಲ ಬಾಣ ಬೆನ್ನ ಮೇಲಿಂದ ಹಾದುಹೋಗುತ್ತದೆ. ಏರ್‌ಬೋದ ಬಾಣ ಅದೇ ದೂರವನ್ನು 0.20 ಸೆಕೆಂಡಿನಲ್ಲಿ ಮುಗಿಸುತ್ತದೆ. ಜಿಂಕೆಗೆ ಸಿಗುವ ಗಡುವು 0.12 ಸೆಕೆಂಡಿಗೆ ಇಳಿಯುತ್ತದೆ, ಹೆಚ್ಚುಕಡಿಮೆ ಅರ್ಧ.

ಹಂಗಾಮು ಹುಟ್ಟಿದ ಬಗೆ

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಿಂಕೆ ಬೇಟೆಯನ್ನು ಅಪರಾಧವೆಂದೇ ಎಣಿಸುತ್ತದೆ. ಹಾಗಾಗಿ ಬೇಟೆಗೆ ಸರ್ಕಾರವೇ ಹಂಗಾಮು ಗೊತ್ತುಮಾಡಿ, ಲೈಸೆನ್ಸ್ ಕೊಟ್ಟು, ಆಯುಧ ಇಂಥದ್ದೇ ಇರಬೇಕೆಂದು ವಿಧಿಸುವ ಪದ್ಧತಿ ನಮಗೆ ಹೊಸದಾಗಿ ಕಾಣಬಹುದು. ಅಮೆರಿಕದಲ್ಲಿ ಅದು ಒಂದು ಪೆಟ್ಟು ತಿಂದ ಮೇಲೆ ಕಲಿತ ಪಾಠ. ಹತ್ತೊಂಬತ್ತನೆಯ ಶತಮಾನದಲ್ಲಿ ಮಾಂಸ, ಚರ್ಮದ ವ್ಯಾಪಾರಕ್ಕಾಗಿ ಲಂಗುಲಗಾಮಿಲ್ಲದೆ ಕೊಂದದ್ದರಿಂದ 1900ರ ಹೊತ್ತಿಗೆ ಬಿಳಿಬಾಲದ ಜಿಂಕೆಗಳು ಐದು ಲಕ್ಷದಷ್ಟೂ ಉಳಿದಿರಲಿಲ್ಲ ಎಂಬುದು ಸಾಮಾನ್ಯ ಅಂದಾಜು. ಆಮೇಲೆ ಕಾಯ್ದೆಗಳು ಬಂದವು, ಹಂಗಾಮು ಬಂತು, ಮಿತಿ ಬಂತು. ಇಂದು ಅವುಗಳ ಸಂಖ್ಯೆ ಸುಮಾರು ಮೂರು ಕೋಟಿ ಎನ್ನುತ್ತಾರೆ.

ಬಿಲ್ಲುಬೇಟೆ ಮತ್ತೆ ಚಿಗುರಿದ ಕತೆಗೆ ಬೇರೆಯದೇ ಬೇರಿದೆ. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್ ಎಂಬ ಊರಿನಂಚಿನಲ್ಲಿ ಹಸಿದು ಬಳಲಿದ ಮೂಲನಿವಾಸಿಯೊಬ್ಬ ಕಾಣಿಸಿಕೊಂಡ. ಯಾಹಿ ಜನಾಂಗ ಪೂರ್ತಿ ನಾಶವಾಗಿ ಉಳಿದಿದ್ದ ಕೊನೆಯವನು. ಸ್ಯಾನ್‌ಫ್ರಾನ್ಸಿಸ್ಕೊದ ಮಾನವಶಾಸ್ತ್ರ ಮ್ಯೂಸಿಯಮ್ಮಿನಲ್ಲಿ ಅವನಿಗೆ ಆಸರೆ ಸಿಕ್ಕಿತು. ತನ್ನ ಹೆಸರನ್ನು ಅವನು ಕೊನೆಗೂ ಹೇಳಲಿಲ್ಲ. ಯಾಹಿ ಭಾಷೆಯಲ್ಲಿ ‘ಮನುಷ್ಯ’ ಎಂಬ ಅರ್ಥದ ‘ಇಶಿ’ ಎಂದೇ ಎಲ್ಲರೂ ಕರೆದರು. ಅವನಿಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯ ಸ್ಯಾಕ್ಸ್‌ಟನ್ ಪೋಪ್, ಅವನಿಂದಲೇ ಬಿಲ್ಲು ಮಾಡುವುದನ್ನೂ ಬಿಡುವುದನ್ನೂ ಕಲಿತ. 1916ರಲ್ಲಿ ಇಶಿ ಕ್ಷಯದಿಂದ ತೀರಿಕೊಂಡ. ಪೋಪ್ 1923ರಲ್ಲಿ ಬಿಲ್ಲುಬೇಟೆಯ ಕುರಿತು ಪುಸ್ತಕ ತಂದ. ಗೆಳೆಯ ಆರ್ಥರ್ ಯಂಗ್ ಜೊತೆಗೂಡಿ ಅವನು ಹಚ್ಚಿದ ಹುಚ್ಚು ದೇಶಕ್ಕೆಲ್ಲ ಹಬ್ಬಿತು. ಬಿಲ್ಲುಬೇಟೆಗಾರರು 1961ರಲ್ಲಿ ಕಟ್ಟಿಕೊಂಡ ಸಂಘಕ್ಕೆ ಆ ಇಬ್ಬರ ಹೆಸರೇ ಇದೆ: ಪೋಪ್ ಅಂಡ್ ಯಂಗ್ ಕ್ಲಬ್.

ಬಿಲ್ಲಿಗೇ ಮೀಸಲಾದ ಆಧುನಿಕ ಜಿಂಕೆ ಬೇಟೆಯ ಹಂಗಾಮನ್ನು ಮೊದಲು ತೆರೆದದ್ದು ವಿಸ್ಕಾನ್ಸಿನ್, 1934ರಲ್ಲಿ. ಇವತ್ತು ಅಲ್ಲಿ ಬಂದೂಕಿನ ಮುಖ್ಯ ಹಂಗಾಮು ನವೆಂಬರ್ ಕೊನೆಯ ಭಾಗದ ಒಂಬತ್ತೇ ದಿನ. ಬಿಲ್ಲಿನ ಹಂಗಾಮು ಸೆಪ್ಟೆಂಬರ್ ನಡುವಿನಲ್ಲಿ ಶುರುವಾಗಿ ಹೊಸ ವರ್ಷ ದಾಟಿ ಮುಗಿಯುತ್ತದೆ. ಒಂಬತ್ತು ದಿನಕ್ಕೆ ಎದುರಾಗಿ ಮೂರು ತಿಂಗಳಿಗೂ ಹೆಚ್ಚು!

ಈ ಉದಾರತೆಗೆ ಕಾರಣವಿದೆ. ಬಿಲ್ಲು ಹಿಡಿದವನಿಗೆ ತೀರ ಹತ್ತಿರ ಹೋಗಲೇಬೇಕು, ಮತ್ತು ಬಹಳ ದಿನ ಅವನು ಬರಿಗೈಲಿ ಮನೆಗೆ ಬರುತ್ತಾನೆ. ಹಾಗಾಗಿ ದಿನಗಳನ್ನು ಹೆಚ್ಚು ಕೊಟ್ಟರೂ ಜಿಂಕೆಯ ಸಂಖ್ಯೆಗೆ ಏಟು ಬೀಳುವುದಿಲ್ಲ. ಇದೊಂದು ಒಪ್ಪಂದ. ನಿನ್ನ ಆಯುಧ ದುರ್ಬಲ, ಆದ್ದರಿಂದ ನಿನಗೆ ಕಾಲಾವಕಾಶ ಹೆಚ್ಚು.

ಒಪ್ಪಂದದಲ್ಲಿ ಇನ್ನೂ ಸೂಕ್ಷ್ಮವಾದ ಅಂಶವೊಂದಿದೆ. ಬಿಳಿಬಾಲದ ಜಿಂಕೆಗಳು ಕೂಡುವ ಕಾಲ ಅಲ್ಲಿ ನವೆಂಬರ್ ಮೊದಲ ಭಾಗದಲ್ಲಿ ಉತ್ತುಂಗಕ್ಕೇರುತ್ತದೆ. ರಾತ್ರಿಯಷ್ಟೇ ಹೊರಬರುತ್ತಿದ್ದ ಗಂಡುಗಳು ಆಗ ಹಗಲಲ್ಲೂ ಮೈಮರೆತು ಹೆಣ್ಣಿನ ಹಿಂದೆ ಅಲೆಯುತ್ತವೆ. ಪಾಂಡುರಾಜನ ಕತೆ ನಮಗೆಲ್ಲ ಗೊತ್ತು. ಜಿಂಕೆಯ ರೂಪದಲ್ಲಿ ಪತ್ನಿಯೊಡನಿದ್ದ ಕಿಂದಮ ಮುನಿಗೆ ಅವನು ಬಾಣ ಹೊಡೆದ. ಸಾಯುವ ಮುನಿ ಬೇಟೆಯನ್ನೇ ಪಾಪವೆನ್ನಲಿಲ್ಲ. ಹೊಡೆದ ಹೊತ್ತನ್ನು ಪಾಪವೆಂದ. ವಿಸ್ಕಾನ್ಸಿನ್ನಿನ ನಿಯಮ ಮುನಿಯಷ್ಟು ನಿಷ್ಠುರವಲ್ಲ. ಆದರೆ ಜಿಂಕೆ ಎಚ್ಚರ ತಪ್ಪುವ ಆ ವಾರಗಳಲ್ಲಿ ಅದು ಬಂದೂಕನ್ನು ಕಾಡಿನಿಂದ ಹೊರಗಿಡುತ್ತದೆ. ಜಿಂಕೆಯ ಅತಿ ದುರ್ಬಲ ಹೊತ್ತಿಗೆ ಮನುಷ್ಯನ ಕೈಯಲ್ಲೂ ದುರ್ಬಲ ಆಯುಧವೇ ಇರಲಿ ಎಂಬ ಸಮತೋಲ ಅದರಲ್ಲಿದೆ. ಹಂಗಾಮು ಅಂದರೆ ಕ್ಯಾಲೆಂಡರಿನ ಬರೀ ದಿನಾಂಕಗಳಲ್ಲ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಕ್ಕಿಲ್ಲ.

ಅತ್ತ ಬಂದೂಕೂ ಅಲ್ಲ, ಇತ್ತ ಬಿಲ್ಲೂ ಅಲ್ಲ

ಏರ್‌ಬೋ ಬಂದಾಗ ಕಾನೂನಿನ ಪುಸ್ತಕ ತಡವರಿಸಿತು. ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯ್ದೆಯ ಪ್ರಕಾರ ಬಂದೂಕು ಅನ್ನಿಸಿಕೊಳ್ಳಲು ಸ್ಫೋಟಕದ ಬಲ ಇರಬೇಕು. ಗಾಳಿ ಸ್ಫೋಟಕವಲ್ಲ. ಆದ್ದರಿಂದ ಒಕ್ಕೂಟದ ಕಾನೂನಿನಲ್ಲಿ ಇದು ಬಂದೂಕಲ್ಲ. ಹೆದೆ ಇಲ್ಲದ್ದರಿಂದ ಬಿಲ್ಲೂ ಅಲ್ಲ.

ತೆರಿಗೆಯಲ್ಲೂ ಅದೇ ಗೊಂದಲ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯಡಿ ಬೇಟೆಯ ಬಂದೂಕು, ಮದ್ದುಗುಂಡುಗಳ ಮೇಲೆ ತಯಾರಕರಿಂದ ಶೇ 11ರಷ್ಟು ತೆರಿಗೆ ವಸೂಲಾಗುತ್ತದೆ. 1972ರಲ್ಲಿ ಬಿಲ್ಲುಬಾಣಗಳನ್ನೂ ಈ ವ್ಯವಸ್ಥೆಗೆ ತಂದರು. ಆ ಹಣ ವನ್ಯಜೀವಿ ರಕ್ಷಣೆಗಾಗಿ ರಾಜ್ಯಗಳಿಗೆ ಹೋಗುತ್ತದೆ. ಜಿಂಕೆ ಮತ್ತೆ ಕಾಡು ತುಂಬಿದ್ದರಲ್ಲಿ, ಕಾಡನ್ನು ಬಳಸುವವನು ಕಾಡಿಗೆ ಕಪ್ಪ ಕೊಡಬೇಕು ಎಂಬ ಈ ಏರ್ಪಾಟಿನ ಪಾಲೂ ಇದೆ. ಗಾಳಿಬಂದೂಕುಗಳು ಮಾತ್ರ ಆ ತೆರಿಗೆಯ ಬಲೆಯೊಳಗೆ ಬರಲಿಲ್ಲ.

ಗಾಳಿಬಂದೂಕು ಹೊಸದೇನಲ್ಲ. 1780ರ ಸುಮಾರಿಗೇ ಆಸ್ಟ್ರಿಯಾದ ಸೈನ್ಯದಲ್ಲಿ ಜಿರಾರ್ಡೋನಿ ಎಂಬ ಗಾಳಿಬಂದೂಕಿತ್ತು. ಅಮೆರಿಕದ ಪಶ್ಚಿಮವನ್ನು ಹುಡುಕಿ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ಗಾಳಿಬಂದೂಕೊಂದನ್ನು ಒಯ್ದು, ದಾರಿಯಲ್ಲಿ ಸಿಕ್ಕ ಬುಡಕಟ್ಟುಗಳ ಮುಂದೆ ಹೊಡೆದು ತೋರಿಸಿದ್ದರು. ಏರ್‌ಬೋ ಆ ವಂಶದ ಕೂಸು. ಅದರ ಬಾಯಿಗೆ ಗುಂಡಿನ ಬದಲು ಬಾಣ ಇಟ್ಟಿದ್ದಾರೆ, ಅಷ್ಟೇ ವ್ಯತ್ಯಾಸ.

ರಾಜ್ಯಗಳು ತಮ್ಮ ತಮ್ಮ ದಾರಿ ಹಿಡಿದವು. ಟೆಕ್ಸಸ್ 2018ರಲ್ಲಿ ಜಿಂಕೆ ಬೇಟೆಗೆ ಗಾಳಿಬಂದೂಕನ್ನೂ ಬಾಣದ ಬಂದೂಕನ್ನೂ ಒಪ್ಪಿತು. ಆದರೆ ಬಿಲ್ಲಿಗೇ ಮೀಸಲಾದ ಹಂಗಾಮಿನಲ್ಲಿ ಬೇಡ ಎಂದಿತು. ನನ್ನ ಮಟ್ಟಿಗೆ ವಿವೇಕದ ತೀರ್ಮಾನ ಅದೇ. ಹೊಸ ಸಾಧನವನ್ನು ಹೊರಗೆ ತಳ್ಳಲಿಲ್ಲ, ಅದು ಸೇರಬೇಕಾದ ಪಂಕ್ತಿಯಲ್ಲಿ ಕೂರಿಸಿತು.

ಎದುರು ವಾದ ಹಗುರವಲ್ಲ

ಏರ್‌ಬೋ ಪರವಾಗಿ ಮಾತಾಡುವವರ ಬಳಿ ಗಟ್ಟಿ ವಾದವೊಂದಿದೆ. “ಬಿಲ್ಲು ಬಿಲ್ಲಾಗಿ ಉಳಿದು ಎಷ್ಟು ಕಾಲವಾಯಿತು?” ಎಂದು ಅವರು ಕೇಳುತ್ತಾರೆ. ಮಿಸ್ಸೌರಿಯ ಹಾಲಿಸ್ ವಿಲ್ಬರ್ ಆಲನ್ ಬಿಲ್ಲಿನ ತುದಿಗಳಿಗೆ ರಾಟೆಯಂಥ ಗಾಲಿಗಳನ್ನು ಜೋಡಿಸಿ 1969ರಲ್ಲಿ ಪೇಟೆಂಟ್ ಪಡೆದ. ಅದೇ ಕಾಂಪೌಂಡ್ ಬಿಲ್ಲು. ಅದನ್ನು ಸೆಳೆಯಲು ಶುರುವಿನಲ್ಲಿ ಪೂರ್ತಿ ಬಲ ಬೇಕು. ಗಾಲಿ ತಿರುಗಿದ ಮೇಲೆ ಭಾರ ದಿಢೀರನೆ ಇಳಿಯುತ್ತದೆ. ಇವತ್ತಿನ 27 ಕಿಲೋ ಬಿಲ್ಲನ್ನು ಐದಾರು ಕಿಲೋ ಬಲದಲ್ಲಿ ಹಿಡಿದು ನಿಲ್ಲಬಹುದು. ಹಳಬರು ಆಗಲೂ ಬೊಬ್ಬೆ ಹಾಕಿದ್ದರು. ಇಂದು ಕಾಂಪೌಂಡ್ ಬಿಲ್ಲೇ ರೂಢಿ.

ಆಮೇಲೆ ಕ್ರಾಸ್‌ಬೋ, ಅಂದರೆ ಅಡ್ಡಬಿಲ್ಲು, ಬಂತು. ಮೊದಲು ಅಂಗವಿಕಲರಿಗೆ, ವಯಸ್ಸಾದವರಿಗೆ ಮಾತ್ರ ಎಂದ ಎಷ್ಟೋ ರಾಜ್ಯಗಳು ಮುಂದೆ ಎಲ್ಲರಿಗೂ ಬಾಗಿಲು ತೆರೆದವು. ವಿಸ್ಕಾನ್ಸಿನ್ 2014ರಲ್ಲಿ ತೆರೆಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ಸಾದಾ ಬಿಲ್ಲಿಗಿಂತ ಅಡ್ಡಬಿಲ್ಲಿಗೆ ಬಿದ್ದ ಜಿಂಕೆಗಳೇ ಹೆಚ್ಚಾದವು. ಇಂದಿನ ಕೆಲವು ಅಡ್ಡಬಿಲ್ಲುಗಳು ಸೆಕೆಂಡಿಗೆ 500 ಅಡಿ ದಾಟಿ, ವೇಗದಲ್ಲಿ ಏರ್‌ಬೋವನ್ನೂ ಹಿಂದಿಕ್ಕಿವೆ. ಅದಕ್ಕೂ ಕುದುರೆಯಿದೆ, ದುರ್ಬೀನಿದೆ. ಅದನ್ನು ಬಿಟ್ಟುಕೊಂಡವರು ಇದನ್ನು ತಡೆಯುವುದೇಕೆ?

ಈ ಮಾತನ್ನು ತಳ್ಳಿಹಾಕಲಾಗದು. ವೇಗವನ್ನೇ ಅಳತೆಗೋಲು ಮಾಡಿಕೊಂಡರೆ ಏರ್‌ಬೋವನ್ನು ತಡೆಯಲು ಆಧಾರವಿಲ್ಲ. ಕುದುರೆ, ದುರ್ಬೀನುಗಳನ್ನು ಅಳತೆಗೋಲು ಮಾಡಿಕೊಂಡರೆ ಅಡ್ಡಬಿಲ್ಲೂ ಹೊರಹೋಗಬೇಕು. ಪೋಪ್ ಅಂಡ್ ಯಂಗ್ ಕ್ಲಬ್ಬಿನವರು ತಮ್ಮ ದಾಖಲೆಗಳಿಗೆ ಅದನ್ನು ಸೇರಿಸುವುದೂ ಇಲ್ಲ. ಕೈಯಲ್ಲಿ ಹಿಡಿದು ಕೈಯಿಂದಲೇ ಸೆಳೆಯುವುದಷ್ಟೇ ಅವರಿಗೆ ಬಿಲ್ಲು. ಅವರದು ಅತ್ಯಂತ ಶುದ್ಧವಾದ ಗೆರೆ. ರಾಜ್ಯಗಳು ಅದನ್ನು ದಾಟಿ ಬಹಳ ಮುಂದೆ ಬಂದಿವೆ.

ಹಾಗಂತ ಗೆರೆಯೇ ಬೇಡವೇ? ನಾನು ಯೋಚಿಸಿದಂತೆ ಉಳಿದಿರುವ ಕೊನೆಯ ಗೆರೆ ಹೆದೆ. ಕಾಂಪೌಂಡ್ ಆಗಲಿ, ಅಡ್ಡಬಿಲ್ಲಾಗಲಿ, ಬಾಗಿದ ಕಂಬಿಯಲ್ಲಿ ಬಲ ಕೂಡಿಸಿ ಹೆದೆಯ ಮೂಲಕ ಬಾಣಕ್ಕೆ ದಾಟಿಸುತ್ತದೆ. ಪ್ರತಿ ಬಾಣಕ್ಕೂ ಮನುಷ್ಯ ಮತ್ತೆ ಎಳೆಯಬೇಕು. ಅಡ್ಡಬಿಲ್ಲನ್ನು ಹಗ್ಗದಿಂದಲೋ ಹಿಡಿಕೆ ತಿರುಗಿಸಿಯೋ ಬಿಗಿಯಬೇಕು. ಏರ್‌ಬೋದಲ್ಲಿ ಎಳೆಯುವುದೇ ಇಲ್ಲ. ಬಲ ಬರುವುದು ಮನೆಯಲ್ಲೋ ಅಂಗಡಿಯಲ್ಲೋ ತುಂಬಿಸಿ ತಂದ ಸಿಲಿಂಡರಿನಿಂದ. ಅಡ್ಡಬಿಲ್ಲು ಬಿಲ್ಲಿನ ಮನೆಯ ಕೊನೆಯ ಕೋಣೆಯಾದರೆ, ಏರ್‌ಬೋ ಪಕ್ಕದ ಮನೆ.

ಹೆದೆ ಅಂದರೆ ಏನೆಂದು ನನಗೆ ತಿಳಿದದ್ದು ಪುಸ್ತಕದಿಂದಲ್ಲ. ಒಮ್ಮೆ ಬೆಂಗಳೂರಿನ ಅಭ್ಯಾಸದ ಮೈದಾನವೊಂದರಲ್ಲಿ ಕಲಿಯುವವರ ಹಗುರ ಬಿಲ್ಲನ್ನು ಕೈಗೆ ಕೊಟ್ಟರು. ಹನ್ನೆರಡು ಹದಿಮೂರು ಕಿಲೋ ಭಾರದ್ದು. ಮೂರು ಬೆರಳಲ್ಲಿ ಹೆದೆ ಹಿಡಿದು ತುಟಿಯ ಅಂಚಿಗೆ ತಂದೆ. ಹತ್ತು ಎಣಿಸುವಷ್ಟರಲ್ಲಿ ಬೆನ್ನಿನ ಸ್ನಾಯು ಉರಿಯತೊಡಗಿತು, ಗುರಿಯ ಹಳದಿ ವೃತ್ತ ಕಣ್ಣೆದುರೇ ತೇಲಾಡತೊಡಗಿತು. ಬಾಣ ಗುರಿಹಲಗೆಯ ಕೆಳಗಿನ ಹುಲ್ಲಿಗೆ ಹೋಯಿತು. ಪಕ್ಕದಲ್ಲಿದ್ದ ಹದಿಮೂರರ ಹುಡುಗಿಯೊಬ್ಬಳು ಒಂದಾದ ಮೇಲೊಂದು ಬಾಣವನ್ನು ಹಳದಿಗೇ ನಾಟುತ್ತಿದ್ದಳು. ಎಷ್ಟು ದಿನದ ಅಭ್ಯಾಸ ಎಂದು ಕೇಳಿದೆ. “ಎರಡು ವರ್ಷ ಅಂಕಲ್” ಅಂದಳು. ಆ ಎರಡು ವರ್ಷ ಸಿಲಿಂಡರಿನಲ್ಲಿ ತುಂಬಿಸಿ ಕೊಡುವಂಥದ್ದಲ್ಲ.

ಮಾನವೀಯತೆಯ ಪ್ರಶ್ನೆ

ಅಂಗವೈಕಲ್ಯವಿದ್ದು ಬಿಲ್ಲನ್ನಾಗಲಿ ಅಡ್ಡಬಿಲ್ಲನ್ನಾಗಲಿ ಬಿಗಿಯಲಾಗದವರ ಗತಿಯೇನು? ನ್ಯಾಯವಾದ ಪ್ರಶ್ನೆ. ವೈದ್ಯರ ಪತ್ರ ನೋಡಿ ಅಂಥವರಿಗೆ ವಿಶೇಷ ಪರವಾನಗಿ ಕೊಟ್ಟರಾಯಿತು. ಅಡ್ಡಬಿಲ್ಲಿನ ವಿಷಯದಲ್ಲಿ ಆ ದಾರಿ ಆಗಲೇ ಇತ್ತು. ಆದರೆ ಅವರಿಗೆಂದು ತೆರೆದ ಬಾಗಿಲಿನಿಂದ ಊರಿಗೆ ಊರೇ ಒಳನುಗ್ಗಬಾರದು. ಅಡ್ಡಬಿಲ್ಲಿನ ಚರಿತ್ರೆ ಕಲಿಸಿದ ಎಚ್ಚರ ಅದು.

ವೇಗದ ಬಾಣದಿಂದ ಪ್ರಾಣಿ ನರಳದೆ ಸಾಯುತ್ತದೆ ಎಂಬ ಮಾತೂ ಇದೆ. ಒಂದೇ ದೂರದಿಂದ ಬಿಟ್ಟರೆ ಅದು ನಿಜವಿರಬಹುದು. ಆದರೆ ಹೆಚ್ಚು ಬಲ ಸಿಕ್ಕ ಕೈ ಹೆಚ್ಚು ದೂರಕ್ಕೆ ಆಸೆ ಪಡುತ್ತದೆ. ಇಪ್ಪತ್ತು ಮೀಟರಿಗೆ ಕಾಯುತ್ತಿದ್ದವನು ಅರವತ್ತಕ್ಕೇ ಕುದುರೆ ಎಳೆಯಲು ತೊಡಗಿದರೆ ಬಾಣ ತಲುಪುವಷ್ಟರಲ್ಲಿ ಜಿಂಕೆ ಒಂದು ಹೆಜ್ಜೆ ಇಟ್ಟಿರುತ್ತದೆ, ಎದೆಗೆ ಬೀಳಬೇಕಾದ್ದು ಹೊಟ್ಟೆಗೆ ಬೀಳುತ್ತದೆ.

ಜಿಂಕೆ ಅತಿಯಾಗಿದೆ ಎಂಬ ದೂರು ಸುಳ್ಳಲ್ಲ. ಅಮೆರಿಕದ ಊರಂಚಿನ ಬಡಾವಣೆಗಳಲ್ಲಿ ಮನೆ ಮಾಡಿರುವ ಕನ್ನಡಿಗರನ್ನು ಕೇಳಿ ನೋಡಿ. ಹಿತ್ತಿಲ ಅವರೆ, ಗುಲಾಬಿ ಬೆಳಗಾಗುವಷ್ಟರಲ್ಲಿ ಜಿಂಕೆಯ ಪಾಲಾದ ಕತೆ ಅವರಲ್ಲೂ ಇರುತ್ತದೆ. ಬಂದೂಕು ಸಲ್ಲದ ಎಷ್ಟೋ ಪಟ್ಟಣಗಳು ಬಿಲ್ಲುಗಾರರನ್ನು ಕರೆಸಿಯೇ ಜಿಂಕೆಯ ಸಂಖ್ಯೆ ತಗ್ಗಿಸುತ್ತವೆ. ಹೆಚ್ಚು ಜಿಂಕೆ ಕೊಲ್ಲಲೇಬೇಕೆಂದಿದ್ದರೆ ಬಂದೂಕಿನ ದಿನ ಹೆಚ್ಚಿಸಲಿ, ಹೆಣ್ಣು ಜಿಂಕೆಯ ಪರವಾನಗಿ ಹೆಚ್ಚಿಸಲಿ. ಅದಕ್ಕೆ ಬಿಲ್ಲಿನ ಅರ್ಥವನ್ನೇ ಬದಲಿಸಬೇಕಿಲ್ಲ.

ಮದ್ದು ತುಂಬುವ ಕೋವಿಯ ಪಾಠ

ಇಂಥದೇ ಪ್ರಸಂಗ ಹಿಂದೊಮ್ಮೆ ನಡೆದಿದೆ. ಬಾಯಿಯಿಂದ ಮದ್ದು ತುಂಬಿ ಗಜದಿಂದ ಜಡಿದು ಹಾರಿಸುವ ಹಳೆಯ ಕೋವಿಗೆಂದೇ ರಾಜ್ಯಗಳು ಪ್ರತ್ಯೇಕ ಹಂಗಾಮು ಇಟ್ಟಿದ್ದವು. ತೇವಕ್ಕೆ ಮದ್ದು ಹತ್ತದೆ ಹೋಗುವ, ಒಂದೇ ಏಟಿನ ಆ ಕೋವಿಯ ಕಷ್ಟವನ್ನು ಇಷ್ಟಪಡುವವರಿಗಾಗಿ. 1985ರಲ್ಲಿ ಟೋನಿ ನೈಟ್ ಎಂಬಾತ ಮದ್ದಿನ ಹಿಂದೆಯೇ ನೇರವಾಗಿ ಕಿಡಿ ಹಾರುವ ‘ಇನ್‌ಲೈನ್’ ಮಾದರಿಯನ್ನು ಮಾರುಕಟ್ಟೆಗೆ ತಂದ. ಅದಕ್ಕೆ ದುರ್ಬೀನು ಬಂತು, ಮದ್ದಿನ ಗುಳಿಗೆ ಬಂತು. ಹಂಗಾಮು ಅದೇ ಉಳಿಯಿತು, ಅದು ಹುಟ್ಟಿದ ಉದ್ದೇಶ ಮಾತ್ರ ಸೋರಿಹೋಯಿತು. ಪೆನ್ಸಿಲ್ವೇನಿಯಾ ಬಗ್ಗಲಿಲ್ಲ. ಕ್ರಿಸ್‌ಮಸ್ ನಂತರದ ತನ್ನ ಹಂಗಾಮಿನಲ್ಲಿ ಚಕಮಕಿ ಕಲ್ಲಿನ ಕೋವಿಯೇ ಇರಬೇಕು ಎಂಬ ನಿಯಮ ಉಳಿಸಿಕೊಂಡಿತು. ಹಿಮ ಬೀಳುವ ಆ ಕಾಡಿನಲ್ಲಿ ಈಗಲೂ ಕಲ್ಲಿನ ಕಿಡಿ ಹಾರುತ್ತದೆ. ಗೆರೆ ಎಳೆಯಲು ಆಗುವುದಿಲ್ಲ ಎನ್ನುವವರಿಗೆ ಅಲ್ಲಿ ಉತ್ತರವಿದೆ.

ವಿಸ್ಕಾನ್ಸಿನ್ನಿನಲ್ಲೇ ನೆಲೆಸಿದ್ದ ಆಲ್ಡೊ ಲಿಯೋಪೋಲ್ಡ್ ಪರಿಸರ ಚಿಂತನೆಯ ದೊಡ್ಡ ಹೆಸರು. ತನ್ನ ಬಿಲ್ಲನ್ನು ತಾನೇ ಕೆತ್ತಿಕೊಂಡು ಬೇಟೆಗೆ ಹೋಗುತ್ತಿದ್ದವನು. 1949ರಲ್ಲಿ ಬಂದ ಅವನ ಪುಸ್ತಕದಲ್ಲಿ, ಉಪಕರಣಗಳು ಕೌಶಲಕ್ಕೆ ನೆರವಾಗುವ ಬದಲು ಅದರ ಜಾಗವನ್ನೇ ಕಬಳಿಸುತ್ತವೆ ಎಂಬ ಆತಂಕವಿದೆ. ಆಟದಲ್ಲಿರುವಂತೆ ಬೇಟೆಯಲ್ಲಿ ಪ್ರೇಕ್ಷಕರಿಲ್ಲ, ಬೇಟೆಗಾರನಿಗೆ ಅವನ ಆತ್ಮಸಾಕ್ಷಿಯೇ ತೀರ್ಪುಗಾರ ಎಂಬುದನ್ನೂ ಅವನು ಗುರುತಿಸಿದ್ದ. ಏರ್‌ಬೋ ಹೆಸರು ಕೇಳುವ ಎಷ್ಟೋ ದಶಕಗಳ ಮೊದಲೇ ಈ ಚರ್ಚೆಯ ಎಳೆ ಅವನ ಕೈಯಲ್ಲಿತ್ತು.

ಮತ್ತೆ ಆ ಓಕ್ ಮರಕ್ಕೆ ಬರೋಣ. ಜಿಂಕೆ ಇನ್ನೂ ಮರದ ಹಿಂದೆ ನಿಂತಿದೆ. ಸೆಳೆದ ತೋಳು ಇನ್ನು ತಡೆಯದು. ಅವನು ಉಸಿರು ಬಿಗಿಹಿಡಿದು, ಬಾಣ ಬಿಡದೆ, ಹೆದೆಯನ್ನು ಮೆಲ್ಲಗೆ ಹಿಂದಕ್ಕೆ ಇಳಿಸುತ್ತಾನೆ. ಆ ಅಲುಗಾಟ ಸಾಕಾಯಿತು. ಜಿಂಕೆ ಒಂದು ಸಲ ಬುಸುಗುಟ್ಟಿ, ಬಿಳಿಬಾಲ ಎತ್ತಿ ಪೊದೆಗಳಾಚೆ ಮಾಯವಾಗುತ್ತದೆ. ಅವನು ಬಾಣವನ್ನು ಬತ್ತಳಿಕೆಗೆ ಹಾಕಿ, ಮರಗಟ್ಟಿದ ಬೆರಳು ಉಜ್ಜಿಕೊಂಡು ಮತ್ತೆ ಕೂರುತ್ತಾನೆ. ನಾಳೆಯೂ ಬರುತ್ತಾನೆ.

ಸರ್ಕಾರ ಅವನಿಗೆ ಮೂರು ತಿಂಗಳು ಕೊಟ್ಟದ್ದು ಇಂಥ ಬೆಳಗುಗಳಿಗಾಗಿ. ತೋಳು ಸೋಲುವ ಆಯುಧಕ್ಕೆ ಸಿಕ್ಕ ದಿನಗಳನ್ನು ತೋಳು ಸೋಲದ ಆಯುಧಕ್ಕೆ ದಾಟಿಸಿದರೆ, ಪೊದೆಯಾಚೆ ಹೋದ ಆ ಜಿಂಕೆಗೆ ಕೊಟ್ಟ ಮಾತು ತಪ್ಪಿದಂತೆ. ಬಾಣದ ಬಂದೂಕು ಬಂದೂಕಿನ ಒಂಬತ್ತು ದಿನಗಳಲ್ಲಿ ಇರಲಿ. ಉಳಿದ ದಿನಗಳಲ್ಲಿ ಕಾಡಿನಲ್ಲಿ ಹೆದೆಯ ಸದ್ದೊಂದೇ ಕೇಳಲಿ.